ಕಾಲುವೆ ಹೆತ್ತ ಊರು

ಅಮೆರಿಕದ ಪಶ್ಚಿಮದ ಮರಳುಗಾಡಿನಲ್ಲಿ 16 ಲಕ್ಷ ಜನರ ನಗರವಾಗಿ ಬೆಳೆದ ಫೀನಿಕ್ಸ್‌ನಲ್ಲಿ ಹೆಸರು ಮಾಡಿದ ಮನೆತನಗಳು ಹಲವು. ಆ ಮನೆತನಗಳ ಏಳುಬೀಳಿನ ಹಿಂದೆ ಹರಿದಿರುವುದು ಒಂದೇ ವಸ್ತು: ನೀರು.

ರಾತ್ರಿ ಎರಡು ಗಂಟೆ. ಫೀನಿಕ್ಸ್ ನಗರದ ಹಳೆಯ ಬಡಾವಣೆಯೊಂದರ ಹಿತ್ತಿಲಲ್ಲಿ ಮನೆಯೊಡೆಯ ಟಾರ್ಚು ಹಿಡಿದು ನಿಂತಿದ್ದಾನೆ. ತೂಬಿನ ತಿರುಪು ಬಿಚ್ಚಿದರೆ ನೆಲದಡಿಯ ಕೊಳವೆಯಿಂದ ನೀರು ಉಕ್ಕಿ, ಅಂಗಳದ ಹುಲ್ಲು, ಕಿತ್ತಳೆ ಮರದ ಬುಡ ಎಲ್ಲವನ್ನೂ ಮುಳುಗಿಸುತ್ತದೆ. ಗೊತ್ತುಪಡಿಸಿದ ಹೊತ್ತು ಮುಗಿಯುತ್ತಲೇ ತೂಬು ಮುಚ್ಚಬೇಕು. ಮುಂದಿನ ಸರದಿ ಪಕ್ಕದ ಮನೆಯದು. ಕಾಲುವೆಯಿಂದ ಓಣಿಗಳಿಗೆ ಹೀಗೆ ಸರದಿಯ ಮೇಲೆ ನೀರು ಬಿಡುವ ನೌಕರನನ್ನು ಅಲ್ಲಿ ಇವತ್ತಿಗೂ ಸ್ಪ್ಯಾನಿಷ್ ಮಾತಿನಲ್ಲಿ ‘ಸಾಂಹೇರೊ’ ಎನ್ನುತ್ತಾರೆ. ನಮ್ಮ ಕೆರೆ ಅಚ್ಚುಕಟ್ಟಿನ ಹಳ್ಳಿಗಳಲ್ಲಿ ಇದೇ ಕೆಲಸ ಮಾಡುವವನಿಗೆ ನೀರುಗಂಟಿ ಎಂದು ಹೆಸರು.

ಗಗನಚುಂಬಿ ಕಟ್ಟಡಗಳ ನಗರದಲ್ಲಿ ನೀರುಗಂಟಿಗೇನು ಕೆಲಸ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅರಿಜೋನಾ ರಾಜ್ಯದ ರಾಜಧಾನಿಯ ಇಡೀ ಚರಿತ್ರೆ ತೆರೆದುಕೊಳ್ಳುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಏಳೆಂಟು ಅಂಗುಲ. 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಹೀಗಿದ್ದೂ 1950ರಲ್ಲಿ 1,06,818 ಇದ್ದ ಜನಸಂಖ್ಯೆ 2020ರ ಜನಗಣತಿಯ ಹೊತ್ತಿಗೆ 16,08,139 ಆಯಿತು. ಜನಸಂಖ್ಯೆಯಲ್ಲಿ ಇದು ಅಮೆರಿಕದ ಐದನೆಯ ದೊಡ್ಡ ನಗರ.

ಪಶ್ಚಿಮದ ಊರುಗಳೆಂದರೆ ಕುದುರೆ, ಬಂದೂಕು, ಚಿನ್ನದ ಗಣಿ ಎಂದು ಸಿನಿಮಾಗಳು ನಮಗೆ ಕಲಿಸಿವೆ. ಫೀನಿಕ್ಸ್ ಅರ್ಥವಾಗಬೇಕಾದರೆ ಕಾಲುವೆಗಳ ನಕ್ಷೆ ಬಿಡಿಸಿಕೊಂಡು ಕೂರಬೇಕು. ಯಾರು ತೋಡಿದರು, ಯಾರ ಹೊಲಕ್ಕೆ ಹರಿಯಿತು, ಯಾರ ಹೊಲ ಒಣಗಿತು? ಊರಿನ ದೊಡ್ಡಮನೆಗಳ ವಂಶವೃಕ್ಷಗಳೆಲ್ಲ ಈ ಮೂರು ಪ್ರಶ್ನೆಗಳಲ್ಲೇ ಬೇರು ಬಿಟ್ಟಿವೆ.

ಮೊದಲು ತೋಡಿದವರು

ಸಾಲ್ಟ್ ನದಿಯ ಕಣಿವೆಯಲ್ಲಿ ಮೊದಲು ಕಾಲುವೆ ತೋಡಿದವರು ಹೊಹೊಕಾಮ್ ಎಂದು ಪುರಾತತ್ವಜ್ಞರು ಕರೆಯುವ ಜನ. ಕಬ್ಬಿಣದ ಸಲಕರಣೆಯಿಲ್ಲ, ಎತ್ತು ಕುದುರೆಗಳಿಲ್ಲ. ಮರದ ಕೋಲು, ಕಲ್ಲಿನ ಗುದ್ದಲಿ, ಮಣ್ಣು ಹೊರುವ ಬುಟ್ಟಿ ಇಷ್ಟರಲ್ಲೇ ಅವರು ನೂರಾರು ಮೈಲಿ ಉದ್ದದ ಕಾಲುವೆಜಾಲ ಕಟ್ಟಿದರು. ನೀರು ನಿಂತು ಹೂಳು ತುಂಬಬಾರದು, ರಭಸಕ್ಕೆ ದಂಡೆ ಕೊಚ್ಚಿಹೋಗಲೂ ಬಾರದು. ಆ ಹದಕ್ಕೆ ಇಳಿಜಾರು ಕೊಡುವ ವಿದ್ಯೆ ಅವರ ಕೈಯಲ್ಲಿತ್ತು. ಆ ನೀರಿನಲ್ಲಿ ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ, ಹತ್ತಿ ಬೆಳೆದರು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದ ಈ ಬೇಸಾಯ ಸುಮಾರು 1450ರ ಹೊತ್ತಿಗೆ ನಿಂತುಹೋಯಿತು. ಪ್ರವಾಹವೋ, ಬರವೋ, ಮಣ್ಣಿಗೆ ಏರಿದ ಉಪ್ಪೋ, ಒಳಜಗಳವೋ, ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ.

ಜನ ಚದುರಿದರು, ಕುಲ ಅಳಿಯಲಿಲ್ಲ. ತೆಂಕಣ ಹೀಲಾ ನದಿಯ ದಂಡೆಯಲ್ಲಿ ನೆಲೆಸಿದ ಅಕಿಮೆಲ್ ಓದಮ್, ಅಂದರೆ ‘ನದಿಯ ಜನ’, ತಾವು ಅವರದೇ ಸಂತತಿ ಎನ್ನುತ್ತಾರೆ. ಹೊರಗಿನವರು ಅವರಿಗೆ ಕೊಟ್ಟ ಹೆಸರು ಪೀಮಾ. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆ ಕೊನೆಗೆ ಇವರ ಬಾಗಿಲಿಗೇ ಬಂದು ನಿಲ್ಲುತ್ತದೆ.

ಹಳೆಯ ಹಳ್ಳ, ಹೊಸ ಹೆಸರು

1860ರ ದಶಕದ ನಡುವೆ ಫೋರ್ಟ್ ಮೆಕ್‌ಡೊವೆಲ್ ಎಂಬಲ್ಲಿ ಅಮೆರಿಕದ ಸೇನೆ ಠಾಣ್ಯ ಹೂಡಿತು. ಕುದುರೆಗಳಿಗೆ ಹುಲ್ಲು, ಸಿಪಾಯಿಗಳಿಗೆ ಧಾನ್ಯ ಬೇಕಾಯಿತು. ವಿಕೆನ್‌ಬರ್ಗ್‌ನ ಚಿನ್ನದ ಗಣಿಯವರೂ ಹಸಿದಿದ್ದರು. ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಯಲ್ಲಿದ್ದ ಜಾಕ್ ಸ್ವಿಲ್ಲಿಂಗ್ ಈ ಹಸಿವಿನಲ್ಲಿ ವ್ಯಾಪಾರ ಕಂಡ. ಕಣಿವೆಯಲ್ಲಿ ಅರ್ಧ ಹೂತು ಮಲಗಿದ್ದ ಹಳೆಯ ಕಾಲುವೆಗಳನ್ನು ಅವನು ಗುರುತಿಸಿದ. 1867ರಲ್ಲಿ ವಿಕೆನ್‌ಬರ್ಗ್‌ನಲ್ಲಿ ನೀರಾವರಿ ಕಂಪನಿ ಕಟ್ಟಿ, ಕೂಲಿಯಾಳುಗಳನ್ನು ಕರೆತಂದು ಹೂಳು ಎತ್ತಿಸಿದ. 1868ರಲ್ಲಿ ಹೊಲಗಳಿಗೆ ನೀರು ಹರಿಯಿತು.

ಊರಿಗೆ ಹೆಸರಿಡುವ ಮಾತು ಬಂದಾಗ ಡ್ಯಾರೆಲ್ ಡುಪ್ಪಾ ಎಂಬ ಓದಿಕೊಂಡ ಆಂಗ್ಲ ವಲಸಿಗ ಫೀನಿಕ್ಸ್ ಎಂದನಂತೆ. ಬೂದಿಯಿಂದ ಮತ್ತೆ ಹುಟ್ಟುವ ಪುರಾಣದ ಹಕ್ಕಿ. ಅಳಿದ ನಾಗರಿಕತೆಯ ಅವಶೇಷದ ಮೇಲೆ ಹೊಸದೊಂದು ಏಳುತ್ತಿದೆ ಎಂಬುದು ಅವನ ಭಾವ. ಹಾಗೆ ನೋಡಿದರೆ ಊರಿನ ಹೆಸರೇ ಒಂದು ಒಪ್ಪಿಗೆಪತ್ರ. ತಾನು ನಿಂತಿರುವುದು ಬೇರೆಯವರು ಕಟ್ಟಿದ ಅಡಿಪಾಯದ ಮೇಲೆ ಎಂದು ಅದು ಹುಟ್ಟುವಾಗಲೇ ಹೇಳಿಕೊಂಡಿದೆ.

ಸ್ವಿಲ್ಲಿಂಗ್‌ನ ಹೆಂಡತಿ ಟ್ರಿನಿಡಾಡ್ ಎಸ್ಕಲಾಂಟೆ ಮೆಕ್ಸಿಕೊದ ಎರ್ಮೊಸಿಯೊದವಳು. 1864ರಲ್ಲಿ ಟೂಸಾನ್‌ನಲ್ಲಿ ಮದುವೆಯಾದ ಈಕೆ ಫೀನಿಕ್ಸ್‌ನ ಮೊದಲ ಗೃಹಿಣಿಯರಲ್ಲಿ ಒಬ್ಬಳು. ಸ್ಥಾಪಕನ ಕೊನೆ ಮಾತ್ರ ಕರುಣಾಜನಕ. ಕೊಲೆಯಾಗಿ ಗುಡ್ಡಗಾಡಿನಲ್ಲಿ ಹೂತಿದ್ದ ಗೆಳೆಯನ ಅಸ್ಥಿ ತಂದು ಮಣ್ಣು ಮಾಡಲು ಹೋಗಿದ್ದ ಹೊತ್ತಿನಲ್ಲೇ ವಿಕೆನ್‌ಬರ್ಗ್ ಹತ್ತಿರ ಅಂಚೆ ಗಾಡಿಯ ದರೋಡೆ ನಡೆಯಿತು. ಆರೋಪ ಸ್ವಿಲ್ಲಿಂಗ್ ಮೇಲೆ ಬಂತು. ವಿಚಾರಣೆ ಮುಗಿಯುವ ಮೊದಲೇ, 1878ರ ಆಗಸ್ಟಿನಲ್ಲಿ, ಅವನು ಯೂಮಾ ಜೈಲಿನಲ್ಲಿ ಸತ್ತ. ದರೋಡೆ ಬೇರೆಯವರದೆಂದು ಆಮೇಲೆ ತಿಳಿಯಿತು. ಟ್ರಿನಿಡಾಡ್ ಮರುಮದುವೆಯಾಗಿ 1925ರವರೆಗೆ ಬದುಕಿದಳು. ಗಂಡ ನೀರು ಹರಿಸಿದ ಹೊಲಗಳ ಮೇಲೆ ಟ್ರಾಮು ಓಡಿದ್ದನ್ನು ಕಣ್ಣಾರೆ ಕಂಡಳು.

ಹಿಟ್ಟಿನ ಗಿರಣಿಯಿಂದ ಸೆನೆಟ್‌ಗೆ

ನದಿಯ ಮೇಲ್ಗಡೆ ಕನೆಕ್ಟಿಕಟ್‌ನಿಂದ ಬಂದ ವ್ಯಾಪಾರಿ ಚಾರ್ಲ್ಸ್ ಟ್ರಂಬುಲ್ ಹೇಡನ್ ದೋಣಿಗಡವು ನಡೆಸಿದ, 1874ರಲ್ಲಿ ಕಾಲುವೆಯ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ಹಾಕಿದ. ಹೇಡನ್ಸ್ ಫೆರಿ ಎನಿಸಿದ್ದ ಆ ಊರೇ ಇಂದಿನ ಟೆಂಪಿ. 1885ರಲ್ಲಿ ಅಲ್ಲಿ ಶಿಕ್ಷಕರ ಶಾಲೆ ಬರಲು ಅವನು ದುಡಿದ. ಆ ಶಾಲೆ ಬೆಳೆದು ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಆಯಿತು. ಗಿರಣಿ 1998ರವರೆಗೆ ಹಿಟ್ಟು ಬೀಸಿತು.

ಆ ಗಿರಣಿಯ ಪಕ್ಕದ ಮಣ್ಣಿನ ಮನೆಯಲ್ಲಿ 1877ರಲ್ಲಿ ಹುಟ್ಟಿದ ಮಗ ಕಾರ್ಲ್ ಹೇಡನ್ ಮೊದಲು ಮಾರಿಕೋಪಾ ಕೌಂಟಿಯ ಶೆರಿಫ್ ಆದ. 1912ರ ಫೆಬ್ರುವರಿ 14ರಂದು ಅರಿಜೋನಾ ರಾಜ್ಯವಾದಾಗ ಅದರ ಮೊದಲ ಪ್ರತಿನಿಧಿಯಾಗಿ ವಾಷಿಂಗ್ಟನ್‌ಗೆ ಹೋದವನು 1969ರವರೆಗೆ ಅಲ್ಲೇ ಇದ್ದ. ಕೆಳಮನೆ, ಸೆನೆಟ್ ಸೇರಿ ಸುಮಾರು 57 ವರ್ಷ. ಭಾಷಣ ಕಡಿಮೆ, ಕೆಲಸ ಹೆಚ್ಚು. ಎಳೆತನದಲ್ಲಿ ನದಿ ಉಕ್ಕಿದ್ದನ್ನೂ ಬತ್ತಿದ್ದನ್ನೂ ನೋಡಿದವನು ಜೀವಮಾನವೆಲ್ಲ ಹಂಬಲಿಸಿದ್ದು ಒಂದಕ್ಕೇ: ತನ್ನ ಕಣಿವೆಗೆ ಮತ್ತಷ್ಟು ನೀರು.

ನದಿಯ ಮುನಿಸು ಹೇಗಿರುತ್ತಿತ್ತು ಎಂಬುದಕ್ಕೆ 1891ರ ಪ್ರವಾಹ ಸಾಕ್ಷಿ. ತಗ್ಗಿನಲ್ಲಿದ್ದ ದಕ್ಷಿಣದ ಓಣಿಗಳು ಕೊಚ್ಚಿಹೋದವು. ಅನುಕೂಲಸ್ಥರು ಉತ್ತರದ ದಿಬ್ಬದತ್ತ ಮನೆ ಕಟ್ಟಿಕೊಂಡರು, ಬಡವರು ನದಿಯ ಮಗ್ಗುಲಲ್ಲೇ ಉಳಿದರು. ಉತ್ತರಕ್ಕೆ ಸಿರಿವಂತರು, ದಕ್ಷಿಣಕ್ಕೆ ಬಡವರು ಎಂದು ಊರು ಸೀಳಿದ್ದಕ್ಕೆ ಆ ನೆರೆಯೂ ಒಂದು ಕಾರಣ. ಅದೇ ದಶಕದ ಕೊನೆಯಲ್ಲಿ ಬರ ಬಂತು. ನೆಟ್ಟ ತೋಟಗಳು ಒಣಗಿದವು.

ಬರದಲ್ಲಿ ಕಲಿತ ಪಾಠವೇ ಸಾಲ್ಟ್ ರಿವರ್ ಕಣಿವೆಯ ನೀರು ಬಳಕೆದಾರರ ಸಂಘ. 1902ರಲ್ಲಿ ಬಂಜರು ನೆಲವನ್ನು ನೀರಾವರಿಗೆ ತರುವ ಕೇಂದ್ರ ಸರ್ಕಾರದ ಕಾಯ್ದೆ ಬಂದ ಮರುವರ್ಷವೇ ರೈತರು ಸಂಘ ಕಟ್ಟಿ, ಎರಡು ಲಕ್ಷ ಎಕರೆಗೂ ಹೆಚ್ಚು ಜಮೀನನ್ನು ಸಾಲಕ್ಕೆ ಅಡವಿಟ್ಟು ಅಣೆಕಟ್ಟು ಬೇಡಿದರು. ಬಂಡೆ ಸೀಳಿ, ಕಲ್ಲು ಕಟ್ಟಿ ಎಬ್ಬಿಸಿದ 280 ಅಡಿ ಎತ್ತರದ ಅಣೆಕಟ್ಟನ್ನು 1911ರ ಮಾರ್ಚ್ 18ರಂದು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಉದ್ಘಾಟಿಸಿದರು. ಹೆಸರೂ ಅವರದೇ. ಅಣೆಕಟ್ಟಿಗೆ ಸಾಮಾನು ಸಾಗಿಸುವ ಬೆಟ್ಟದ ರಸ್ತೆ ಕಡಿದವರಲ್ಲಿ ಅಪಾಚೆ ಕೂಲಿಗಾರರು ಬಹಳ ಮಂದಿ.

ಸಂಘದಲ್ಲಿ ಮತದ ತೂಕ ಎಕರೆಯ ಲೆಕ್ಕದ ಮೇಲೆ. ಜಮೀನು ಹೆಚ್ಚಿದ್ದವನ ಮಾತಿಗೆ ಹೆಚ್ಚು ಬೆಲೆ. ಈ ಪದ್ಧತಿಯನ್ನು 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಭೂಮಿಯಿದ್ದ ಮನೆತನಗಳ ಕೈಗೆ ನೀರು, ನೀರಿದ್ದವರ ಕೈಗೆ ಊರು ಹೋದದ್ದು ಹೀಗೆ.

ಷಿಕಾಗೋದ ಅಳಿಯ, ಪೋಲೆಂಡಿನ ಅಜ್ಜ

ಅಣೆಕಟ್ಟಿಗಾಗಿ ಓಡಾಡಿದವರಲ್ಲಿ ಡ್ವೈಟ್ ಹರ್ಡ್ ಒಬ್ಬ. ಪುಪ್ಪುಸದ ಕಾಯಿಲೆಗೆ ಒಣಹವೆ ಒಳ್ಳೆಯದೆಂದು 1895ರಲ್ಲಿ ಷಿಕಾಗೋದಿಂದ ಹೆಂಡತಿ ಮೇಯಿಯೊಂದಿಗೆ ಬಂದ. ಮಾವ ಬಾರ್ಟ್ಲೆಟ್ ಹಾರ್ಡ್‌ವೇರ್ ವ್ಯಾಪಾರದ ಸಾಹುಕಾರ. ಆ ಬಂಡವಾಳದಿಂದ ಅಳಿಯ ನದಿಯ ದಕ್ಷಿಣಕ್ಕೆ ವಿಶಾಲ ಜಮೀನು ಕೊಂಡ, ದನ ಸಾಕಿದ, ಹತ್ತಿ ಬೆಳೆಸಿದ, ಊರಿನ ಮುಖ್ಯ ಪತ್ರಿಕೆಯ ಒಡೆಯನೂ ಆದ. ದಂಪತಿ ಸಂಗ್ರಹಿಸಿದ ಮೂಲನಿವಾಸಿಗಳ ಬುಟ್ಟಿ, ಮಡಕೆ, ಕಂಬಳಿಗಳೇ 1929ರ ಹರ್ಡ್ ಮ್ಯೂಸಿಯಂಗೆ ತಳಹದಿ. ಮ್ಯೂಸಿಯಂ ಬಾಗಿಲು ತೆರೆಯುವ ಮೊದಲೇ ಡ್ವೈಟ್ ತೀರಿಕೊಂಡ. ಮುಂದಿನ ಎರಡು ದಶಕ ಅದನ್ನು ಪೊರೆದವಳು ಮೇಯಿ.

ಗೋಲ್ಡ್‌ವಾಟರ್ ಮನೆತನದ ಕಥೆ ಇನ್ನೂ ದೂರದಿಂದ ಆರಂಭವಾಗುತ್ತದೆ. ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಕೋನಿನ್ ಊರಿನ ಯಹೂದಿ ಮೈಕೆಲ್ ಗೋಲ್ಡ್‌ವಾಸರ್ ಲಂಡನ್‌ಗೆ ಬಂದು ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡ. 1852ರಲ್ಲಿ ಚಿನ್ನದ ಸುದ್ದಿ ಕೇಳಿ ಕ್ಯಾಲಿಫೋರ್ನಿಯಾಗೆ ಹೋದವನಿಗೆ ಚಿನ್ನ ಸಿಗಲಿಲ್ಲ, ಸಾಲ ಸಿಕ್ಕಿತು. ಕೊಲೊರಾಡೊ ನದಿ ದಾಟಿ ಅರಿಜೋನಾದ ಗಣಿ ಊರುಗಳಲ್ಲಿ ದಿನಸಿ, ಬಟ್ಟೆ ಮಾರಿದ. 1870ರ ದಶಕದಲ್ಲಿ ಫೀನಿಕ್ಸ್‌ನಲ್ಲಿ ತೆರೆದ ಅಂಗಡಿ ನಷ್ಟವಾಗಿ ಮುಚ್ಚಿತು. ಸೋತ ಊರಿನಲ್ಲೇ 1896ರಲ್ಲಿ ಮಗ ಬ್ಯಾರನ್ ಮತ್ತೆ ಅಂಗಡಿ ಹಾಕಿ, ಅದನ್ನು ಊರಿನ ಹೆಂಗಸರು ಮೆಚ್ಚುವ ಬಟ್ಟೆಮಳಿಗೆಯಾಗಿ ಬೆಳೆಸಿದ.

1909ರಲ್ಲಿ ಹುಟ್ಟಿದ ಮೊಮ್ಮಗ ಬ್ಯಾರಿ ಅದೇ ಅಂಗಡಿಯಲ್ಲಿ ಪಳಗಿದವನು. 1949ರಲ್ಲಿ ನಗರಸಭೆಗೆ ಆಯ್ಕೆಯಾದ, ಮೂರೇ ವರ್ಷದಲ್ಲಿ ಸೆನೆಟರ್ ಆದ. 1964ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತು ಲಿಂಡನ್ ಜಾನ್ಸನ್ ಎದುರು ಹೀನಾಯವಾಗಿ ಸೋತ. ಸರ್ಕಾರದ ಕೈ ಚಿಕ್ಕದಿರಬೇಕು ಎಂದು ದೇಶವೆಲ್ಲ ಸುತ್ತಿ ಸಾರಿದ ಆತನ ಹುಟ್ಟೂರು ಮಾತ್ರ ಕೇಂದ್ರದ ಹಣದಿಂದ ಕಟ್ಟಿದ ಅಣೆಕಟ್ಟಿನ ನೀರು ಕುಡಿದು ಬೆಳೆದದ್ದು. ಕೇಂದ್ರದ ಇನ್ನೊಂದು ಬೃಹತ್ ಕಾಲುವೆಗೆ ಅವನ ಬೆಂಬಲವೂ ಇತ್ತು. ಇದನ್ನು ಒಬ್ಬ ವ್ಯಕ್ತಿಯ ಆಷಾಢಭೂತಿತನ ಎನ್ನುವುದು ಸುಲಭ. ನಿಜವಾಗಿ ಇದು ಇಡೀ ಪಶ್ಚಿಮದ ಒಳಬಿರುಕು. ತನ್ನ ಕಾಲ ಮೇಲೆ ತಾನು ನಿಂತೆ ಎಂದು ನಂಬಿದ ನಾಡು ಸಾರ್ವಜನಿಕ ನೀರಿನ ಮೇಲೆ ನಿಂತಿತ್ತು.

ನಕ್ಷೆಯ ದಕ್ಷಿಣ ಭಾಗ

ಹೆಸರಾಂತ ಮನೆತನ ಎಂದರೆ ಉತ್ತರದ ದಿಬ್ಬದ ಬಂಗಲೆಗಳವರಷ್ಟೇ ಅಲ್ಲ. ಲಿಂಕನ್ ರ‍್ಯಾಗ್ಸ್‌ಡೇಲ್ ಎರಡನೆಯ ಮಹಾಯುದ್ಧದ ಕಾಲದ ಟಸ್ಕೀಗೀ ಕಪ್ಪು ವೈಮಾನಿಕರಲ್ಲಿ ಒಬ್ಬ. 1946ರಲ್ಲಿ ಫೀನಿಕ್ಸ್‌ಗೆ ಬಂದು ಶವಸಂಸ್ಕಾರದ ಸಂಸ್ಥೆ ಕಟ್ಟಿದ. ಆಗ ಕಪ್ಪು ಜನ ವ್ಯಾನ್ ಬ್ಯೂರೆನ್ ಬೀದಿಯ ಉತ್ತರಕ್ಕೆ ಮನೆ ಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಶಿಕ್ಷಕಿಯೂ ಮನೆ ಮಾರಾಟದ ಏಜೆಂಟಳೂ ಆಗಿದ್ದ ಹೆಂಡತಿ ಎಲಿನರ್ ಉಪಾಯ ಮಾಡಿದಳು. ಬಿಳಿಯ ಗೆಳೆಯನೊಬ್ಬ ಕೊಂಡು, ಆಮೇಲೆ ಇವರಿಗೆ ವರ್ಗಾಯಿಸಿದ ಮನೆಗೆ 1953ರಲ್ಲಿ ಕುಟುಂಬ ಹೋಯಿತು. ಗೋಡೆಯ ಮೇಲೆ ಬೈಗುಳ ಬರೆದರು. ಅವರು ಮನೆ ಬಿಡಲಿಲ್ಲ. ಅದೇ ವರ್ಷ ಸ್ಥಳೀಯ ನ್ಯಾಯಾಲಯವೊಂದು ಫೀನಿಕ್ಸ್‌ನ ಹೈಸ್ಕೂಲುಗಳಲ್ಲಿ ಬಣ್ಣಭೇದ ಸಲ್ಲದೆಂದು ತೀರ್ಪು ಕೊಟ್ಟಿತು. ಇಡೀ ದೇಶಕ್ಕೆ ಅನ್ವಯಿಸಿದ ಸುಪ್ರೀಂ ಕೋರ್ಟಿನ ಪ್ರಸಿದ್ಧ ತೀರ್ಪು ಬಂದದ್ದು ಅದರ ಮರುವರ್ಷ.

ಇನ್ನು ಕೆಲವು ಮನೆತನಗಳ ಹೆಸರು ಯಾವ ಬೀದಿಗೂ ಬರಲಿಲ್ಲ. ವಿಮಾನ ನಿಲ್ದಾಣದ ಮಗ್ಗುಲಲ್ಲಿ ಗೋಲ್ಡನ್ ಗೇಟ್ ಎಂಬ ಮೆಕ್ಸಿಕನ್ ಅಮೆರಿಕನ್ನರ ಕೇರಿಯಿತ್ತು. 1970 ಮತ್ತು 80ರ ದಶಕಗಳಲ್ಲಿ ನಿಲ್ದಾಣದ ವಿಸ್ತರಣೆಗೆಂದು ಸಾವಿರಾರು ಜನರನ್ನು ಎಬ್ಬಿಸಲಾಯಿತು. ಮನೆಗಳೆಲ್ಲ ನೆಲಸಮವಾದ ಮೇಲೆ ಉಳಿದದ್ದು ಸೇಕ್ರೆಡ್ ಹಾರ್ಟ್ ಚರ್ಚು ಒಂದೇ. ಚದುರಿಹೋದ ಕುಟುಂಬಗಳು ವರ್ಷಕ್ಕೊಮ್ಮೆ ಕ್ರಿಸ್ಮಸ್ ಪೂಜೆಗೆ ಅಲ್ಲಿ ಸೇರುವ ರೂಢಿ ಬಹುಕಾಲ ನಡೆಯಿತು. ನಿಲ್ದಾಣದ ಒಂದು ಟರ್ಮಿನಲ್‌ಗೆ ಬ್ಯಾರಿ ಗೋಲ್ಡ್‌ವಾಟರ್ ಹೆಸರಿದೆ. ಆ ನೆಲದಲ್ಲಿ ಬಾಳಿದವರ ಗುರುತಿಗೆ ಇರುವುದು ಒಂಟಿ ಚರ್ಚು.

ಬೆಟ್ಟ ಹತ್ತಿದ ನದಿ

ಯುದ್ಧದ ವಿಮಾನ ತರಬೇತಿ ಕೇಂದ್ರಗಳು, 1949ರಲ್ಲಿ ಬಂದ ಮೋಟೊರೋಲಾ, ಮನೆಮನೆಯ ಏರ್ ಕಂಡೀಶನರ್, ಜಾನ್ ಎಫ್. ಲಾಂಗ್ ತನ್ನ ಹೆಂಡತಿ ಮೇರಿಯ ಹೆಸರಿನಲ್ಲಿ ಕಟ್ಟಿದ ಮೇರಿವೇಲ್‌ನಂಥ ಬಡಾವಣೆಗಳು, ಇವೆಲ್ಲ ಸೇರಿ ಊರು ಕಿತ್ತಳೆ ತೋಟಗಳನ್ನು ನುಂಗುತ್ತ ಹಬ್ಬಿತು. ಸಾಲ್ಟ್ ನದಿ ಸಾಲದಾಯಿತು. ಇಂದು ನಗರದೊಳಗೆ ಆ ನದಿಯ ಪಾತ್ರ ಬಹುಪಾಲು ಒಣಗಿ ಬಿದ್ದಿದೆ. ನೀರೆಲ್ಲ ಕಾಲುವೆಯಲ್ಲಿದೆ.

ಕಣ್ಣು ಹೊರಳಿದ್ದು ಕೊಲೊರಾಡೊ ನದಿಯತ್ತ. ಅದಕ್ಕಾಗಿ ಕ್ಯಾಲಿಫೋರ್ನಿಯಾದೊಂದಿಗೆ ದಶಕಗಳ ಜಗಳ. 1934ರಲ್ಲಿ ಪಾರ್ಕರ್ ಅಣೆಕಟ್ಟಿನ ಕೆಲಸ ತಡೆಯಲು ಅರಿಜೋನಾದ ಗವರ್ನರ್ ಸಶಸ್ತ್ರ ಪಡೆಯನ್ನೇ ನದಿದಂಡೆಗೆ ಕಳಿಸಿದ್ದುಂಟು. 1963ರಲ್ಲಿ ಸುಪ್ರೀಂ ಕೋರ್ಟ್ ಅರಿಜೋನಾಗೆ ವರ್ಷಕ್ಕೆ 28 ಲಕ್ಷ ಎಕರೆ ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 122 ಟಿಎಂಸಿ ಅಡಿ ನೀರಿನ ಪಾಲು ಎಂದಿತು. 1968ರ ಸೆಪ್ಟೆಂಬರ್ 30ರಂದು ಸೆಂಟ್ರಲ್ ಅರಿಜೋನಾ ಯೋಜನೆಯ ಮಸೂದೆಗೆ ಅಧ್ಯಕ್ಷರ ಸಹಿ ಬಿದ್ದಾಗ ಕಾರ್ಲ್ ಹೇಡನ್‌ಗೆ 91 ತುಂಬಲು ಎರಡೇ ದಿನ ಬಾಕಿ. 336 ಮೈಲಿ ಉದ್ದದ ಆ ಕಾಲುವೆ ನೀರನ್ನು ಸುಮಾರು 2,900 ಅಡಿ ಮೇಲೆತ್ತಿ ಫೀನಿಕ್ಸ್ ದಾಟಿಸಿ ಟೂಸಾನ್‌ವರೆಗೆ ಒಯ್ಯುತ್ತದೆ. ಮುಗಿದದ್ದು 1993ರಲ್ಲಿ.

ಆದರೆ ಮಸೂದೆಗೆ ಬೆಂಬಲ ಪಡೆಯಲು ಅರಿಜೋನಾ ಒಂದು ಷರತ್ತಿಗೆ ಒಪ್ಪಿತ್ತು. ಬರ ಬಂದರೆ ಕ್ಯಾಲಿಫೋರ್ನಿಯಾದ ಪಾಲಿಗೂ ಮುಂಚೆ ತನ್ನ ಕಾಲುವೆಯ ಪಾಲು ಕಡಿತವಾಗಲಿ ಎಂದು. 2021ರ ಆಗಸ್ಟಿನಲ್ಲಿ ಕೊಲೊರಾಡೊ ನದಿಯ ಮೇಲೆ ಮೊದಲ ಬಾರಿಗೆ ಅಧಿಕೃತ ಕೊರತೆ ಘೋಷಣೆಯಾದಾಗ ಆ ಷರತ್ತು ಎದ್ದು ಬಂತು. ಮರುವರ್ಷ ರಾಜ್ಯಕ್ಕೆ 5,12,000 ಎಕರೆ ಅಡಿ, ಅಂದರೆ ಸುಮಾರು 22 ಟಿಎಂಸಿ ಅಡಿ ಖೋತಾ. ಪೆಟ್ಟು ಮೊದಲು ತಾಗಿದ್ದು ಪಿನಾಲ್ ಕೌಂಟಿಯ ರೈತರಿಗೆ. 2023ರಲ್ಲಿ, ಅಂತರ್ಜಲವನ್ನೇ ನಂಬಿದ ಹೊಸ ಬಡಾವಣೆಗಳಿಗೆ ಫೀನಿಕ್ಸ್ ಸುತ್ತ ಒಪ್ಪಿಗೆ ಕೊಡುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಚಾಂಡ್ಲರ್‌ನ ಇಂಟೆಲ್ ಕಾರ್ಖಾನೆ, ಉತ್ತರ ಫೀನಿಕ್ಸ್‌ನ ಟಿಎಸ್‌ಎಂಸಿ ಚಿಪ್ ಘಟಕ ಎಲ್ಲಕ್ಕೂ ಬೇಕಿರುವುದು ಇದೇ ನೀರು. ಕೆಲಸ ಹುಡುಕಿ ಹೋದ ಎಂಜಿನಿಯರುಗಳ ಕನ್ನಡ ಮಾತನಾಡುವ ಮನೆಗಳೂ ಈ ಕಣಿವೆಯಲ್ಲಿವೆ. ಅವರ ನಲ್ಲಿಗೂ ಇದೇ ಚಿಂತೆ.

ಹಿರಿಯ ಮನೆತನ

ಈಗ ಹೀಲಾ ದಂಡೆಯ ಅಕಿಮೆಲ್ ಓದಮ್ ಜನರತ್ತ ಬರೋಣ. ಕ್ಯಾಲಿಫೋರ್ನಿಯಾಗೆ ಚಿನ್ನ ಹುಡುಕಿ ಹೊರಟವರಿಗೆ, ಸೇನೆಗೆ, ಗಣಿಗಳಿಗೆ 19ನೇ ಶತಮಾನದ ನಡುವೆ ಗೋಧಿ ಮಾರಿ ಉಣಿಸಿದವರು ಇವರು. 1870ರ ನಂತರ ಮೇಲ್ಗಡೆ ನೆಲೆಸಿದ ವಲಸಿಗರು ಹೀಲಾ ನದಿಗೆ ಅಡ್ಡಗಟ್ಟಿ ನೀರು ತಿರುಗಿಸಿಕೊಂಡರು. ಶತಮಾನ ತಿರುಗುವ ಹೊತ್ತಿಗೆ ಇವರ ಕಾಲುವೆಗಳು ಬತ್ತಿದವು, ಬರಗಾಲ ಬಂತು. ಊರಿಗೆಲ್ಲ ಅನ್ನವಿಕ್ಕಿದವರು ಸರ್ಕಾರದ ಪಡಿಗೆ ಕೈಯೊಡ್ಡಿದರು. ಹೊಲ ಬಿಟ್ಟು ಪಡಿಯ ಹಿಟ್ಟು, ಕೊಬ್ಬಿನ ಊಟಕ್ಕೆ ಬಿದ್ದವರನ್ನು ಸಕ್ಕರೆ ಕಾಯಿಲೆ ಹಿಡಿಯಿತು. ಇದೇ ಕಾಲದಲ್ಲಿ ಅವರ ನೆಲದ ಪ್ರಯೋಗ ಕೇಂದ್ರದಲ್ಲಿ ಬೆಳೆಸಿದ ಉದ್ದ ಎಳೆಯ ಹತ್ತಿಗೆ ಪೀಮಾ ಎಂದು ಹೆಸರಿಟ್ಟರು. ಬೆಲೆಬಾಳುವ ಅಂಗಿಗಳ ಪಟ್ಟಿಯಲ್ಲಿ ನಾವು ಇಂದಿಗೂ ಓದುವ ಹೆಸರು ನೀರು ಕಳೆದುಕೊಂಡ ಆ ಜನರದು.

ಅವರು ಸುಮ್ಮನೆ ಕೂರಲಿಲ್ಲ. ಸಮುದಾಯದ ವಕೀಲ ರಾಡ್ನಿ ಲೂಯಿಸ್ ದಶಕಗಳ ಕಾಲ ಕಾಗದಪತ್ರ ಹಿಡಿದು ನೀರಿನ ಹಕ್ಕಿಗೆ ಹೋರಾಡಿದರು. ಮೊದಲು ಬಳಸಿದವನದೇ ಮೊದಲ ಹಕ್ಕು ಎಂಬುದು ಪಶ್ಚಿಮದ ನೀರಿನ ಕಾನೂನಿನ ಮೂಲಸೂತ್ರ. ಆ ಸೂತ್ರವನ್ನೇ ಅವರು ಮುಂದಿಟ್ಟರು. ಇವರಿಗಿಂತ ಮೊದಲು ಬಳಸಿದವರು ಯಾರಿದ್ದರು? 2004ರ ಅರಿಜೋನಾ ಜಲ ಒಪ್ಪಂದಗಳ ಕಾಯ್ದೆಯಲ್ಲಿ ಹೀಲಾ ನದಿ ಸಮುದಾಯಕ್ಕೆ ಎಲ್ಲ ಮೂಲಗಳಿಂದ ಸೇರಿ ವರ್ಷಕ್ಕೆ ಸರಾಸರಿ 6,53,500 ಎಕರೆ ಅಡಿ, ಸುಮಾರು 28 ಟಿಎಂಸಿ ಅಡಿ ನೀರು ದಕ್ಕಿತು. ಅದರಲ್ಲಿ ದೊಡ್ಡ ಪಾಲು ಬರುವುದು ಹೇಡನ್ ಕನಸಿದ ಕಾಲುವೆಯಿಂದಲೇ.

ಮುಂದೆ ರಾಡ್ನಿಯವರ ಮಗ ಸ್ಟೀಫನ್ ರೋ ಲೂಯಿಸ್ ಸಮುದಾಯದ ಗವರ್ನರ್ ಆದರು. ಕೊಲೊರಾಡೊ ಬತ್ತುತ್ತಿದ್ದಾಗ, 2023ರಲ್ಲಿ, ತಮ್ಮ ಪಾಲಿನಲ್ಲಿ ವರ್ಷಕ್ಕೆ 1,25,000 ಎಕರೆ ಅಡಿವರೆಗಿನ ನೀರನ್ನು ಮೂರು ವರ್ಷ ಜಲಾಶಯದಲ್ಲೇ ಬಿಡಲು ಸಮುದಾಯ ಪರಿಹಾರ ಪಡೆದು ಒಪ್ಪಿತು. ಶತಮಾನದ ಹಿಂದೆ ನೀರು ಕಸಿದುಕೊಂಡ ನಾಡು ಬಾಯಾರಿದಾಗ ನೀರು ಬಿಟ್ಟುಕೊಟ್ಟವರಲ್ಲಿ ಅವರೂ ಒಬ್ಬರು. ಆವಿಯಾಗುವ ನೀರು ಉಳಿಸಲು ತಮ್ಮ ಕಾಲುವೆಯೊಂದರ ಮೇಲೆ ಸೌರಫಲಕಗಳ ಚಾವಣಿಯನ್ನೂ ಹಾಕಿದ್ದಾರೆ. ಗುಜರಾತಿನ ನರ್ಮದಾ ಕಾಲುವೆಯ ಮೇಲೆ 2012ರಲ್ಲೇ ಮಾಡಿ ತೋರಿಸಿದ ವಿಧಾನ ಅದು.

ಕಾಲುವೆ ತೋಡಿಸಿದ ಸ್ವಿಲ್ಲಿಂಗ್, ಗಿರಣಿ ಹಾಕಿದ ಹೇಡನ್, ಅಂಗಡಿ ಇಟ್ಟ ಗೋಲ್ಡ್‌ವಾಟರ್, ಮ್ಯೂಸಿಯಂ ಕಟ್ಟಿದ ಹರ್ಡ್ ಇವರೆಲ್ಲ ಊರಿಗೆ ಕೊಟ್ಟದ್ದು ಸಣ್ಣದಲ್ಲ. ಅವರನ್ನು ನೆನೆಯಬೇಕು. ಆದರೆ ಫೀನಿಕ್ಸ್‌ನ ಹಿರಿಯ ಮನೆತನ ಯಾವುದು ಎಂದರೆ ನನ್ನ ಉತ್ತರ ಒಂದೇ: ನೀರುಗಂಟಿಯ ಕೆಲಸವನ್ನು ಈ ಕಣಿವೆಗೆ ಮೊದಲು ಕಲಿಸಿದವರು, ಕಳೆದುಕೊಂಡದ್ದನ್ನು ಕಾನೂನಿನ ದಾರಿಯಲ್ಲಿ ಮರಳಿ ಪಡೆದವರು.

ಬೆಳೆಯುವ ಊರುಗಳು ನಮ್ಮಲ್ಲೂ ಇವೆ, ಹೆಸರಾಂತ ಮನೆತನಗಳೂ ಇವೆ. ನಿಮ್ಮೂರಿನ ಚರಿತ್ರೆ ಬರೆಯಲು ಕೂರುವ ದಿನ ಬೀದಿಯ ಫಲಕಗಳನ್ನು ಆಮೇಲೆ ಓದಿ. ಮೊದಲು ಕೆರೆಯ ಏರಿಯ ಮೇಲೆ ನಡೆದು, ಇದನ್ನು ಕಟ್ಟಿದವರು ಯಾರು, ಅವರ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ.